ಕಣ್ಣಿಗೆ ಅಂಕ ಕೊಡುವವರು

ಪತ್ರ: ಅಂದು ನಾನು ಊಟ ಮುಗಿಸಿ ಮಾತ್ರೆ ನುಂಗುವವರೆಗೂ ಮಗ ಫಲಿತಾಂಶ ಹೇಳಲಿಲ್ಲ. ಕೆಲಸದ ಸಂದರ್ಶನದಲ್ಲಿ 36 ಜೊತೆ ಕಣ್ಣುಗಳ ಚಿತ್ರ ತೋರಿಸಿ ಒಂದೊಂದರ ಭಾವ ಕೇಳಿದರಂತೆ. 19 ಸರಿಯಾದವು. ‘ಇತರರ ಮನಸ್ಸು ಅರಿಯುವ ಸಾಮರ್ಥ್ಯ ಕಡಿಮೆ’ ಎಂದು ಬರೆದು ಕಳುಹಿಸಿದ್ದಾರೆ. ಇದನ್ನೆಲ್ಲ ಅಳೆಯಲು ಆಗುತ್ತದೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ತಾಯಿ, ಅಳೆಯಲೇ ಆಗದು ಎಂದರೆ ತಪ್ಪಾದೀತು. 1985ರ ಒಂದು ಪ್ರಯೋಗದಲ್ಲಿ ಸ್ಯಾಲಿ ಎಂಬ ಗೊಂಬೆ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತದೆ. ಆನ್ ಎಂಬ ಇನ್ನೊಂದು ಗೊಂಬೆ ಅದನ್ನು ಪೆಟ್ಟಿಗೆಗೆ ಹಾಕುತ್ತದೆ. ಮರಳಿ ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? ಅವಳು ಅದನ್ನು ಕಂಡಿಲ್ಲ, ಹಾಗಾಗಿ ಬುಟ್ಟಿಯಲ್ಲೇ. ಆಟಿಸಂ, ಅಂದರೆ ಇತರರೊಡನೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ, ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಪೆಟ್ಟಿಗೆಯನ್ನೇ ತೋರಿಸಿದರು. ಮಕ್ಕಳ ತೊಡಕು ತಿಳಿಯಲು ಇಂಥವು ಬೇಕು. ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಮಕ್ಕಳನ್ನು ಎತ್ತಿಕೊಂಡು ಬರುವ ತಂದೆತಾಯಿಯರನ್ನು ಕಂಡವನು ಅಲ್ಲಗಳೆಯಲಾರೆ.

ನಿಮ್ಮ ಮಗನಿಗೆ ಕೊಟ್ಟದ್ದು ಬೇರೆ. ನೀವು ಬರೆದಿರುವುದನ್ನು ನೋಡಿದರೆ, ಅದು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಸೈಮನ್ ಬ್ಯಾರನ್ ಕೋಹೆನ್ ತಂಡ 2001ರಲ್ಲಿ ಪರಿಷ್ಕರಿಸಿದ ಪರೀಕ್ಷೆ. ಒಂದು ಚಿತ್ರ, ನಾಲ್ಕು ಪದ, ಒಂದನ್ನು ಆರಿಸಬೇಕು. ಪದಗಳು ಇಂಗ್ಲಿಷಿನವು, ಅವುಗಳ ಸೂಕ್ಷ್ಮ ತಿಳಿಯದವನು ಕಣ್ಣನ್ನು ಓದಿಯೂ ಸೋಲುತ್ತಾನೆ. ಆ ಫೋಟೋಗಳನ್ನು ಆಯ್ದದ್ದು ಪತ್ರಿಕೆಗಳಿಂದ. ಸರಿಯುತ್ತರ ಯಾವುದೆಂದು ತೀರ್ಮಾನಿಸಿದ್ದು ಪರೀಕ್ಷೆ ಮಾಡಿದವರು ಮತ್ತು ಅವರು ಕೂರಿಸಿದ ತೀರ್ಪುಗಾರರು, ಚಿತ್ರದಲ್ಲಿದ್ದವರಲ್ಲ. ಪತ್ರಿಕೆಯವನಾಗಿ ಹೇಳುತ್ತೇನೆ, ಕ್ಯಾಮೆರಾದ ಮುಂದೆ ನಿಂತವನ ಕಣ್ಣಿನಲ್ಲಿ ಬಹಳ ಸಲ ಇರುವುದು ‘ಇನ್ನೂ ಆಗಲಿಲ್ಲವೇ’ ಎಂಬುದೊಂದೇ!

ದೇವರಾಜ ಮಾರುಕಟ್ಟೆಯಲ್ಲಿ ಒಮ್ಮೆ ನಾನು ಹೂವಿಗೆ ಕಾಯುತ್ತಿದ್ದೆ. ಪಕ್ಕದ ಅಜ್ಜಿ ಎರಡು ಮೊಳ ಕೇಳಿ, ಬೆಲೆ ಕೇಳಿದವರೇ ಪರ್ಸಿನ ಬಾಯಿ ತೆರೆದು, ಬೆರಳಿನಲ್ಲೇ ಎಣಿಸಿ, ಮತ್ತೆ ಮುಚ್ಚಿದರು. ಮೊಳ ಹಾಕುತ್ತಿದ್ದ ಹೂವಿನವಳು ತಲೆ ಎತ್ತದೆ, ‘ಬೆಳಗಿನ ಹೂವಮ್ಮ, ಬಾಡಿದೆ, ಅರ್ಧ ಕೊಡಿ ಸಾಕು’ ಎಂದಳು. ಮಲ್ಲಿಗೆ ಬಾಡಿರಲಿಲ್ಲ. ಅಜ್ಜಿಗೂ ಅದು ಗೊತ್ತಿತ್ತು ಎಂದೇ ನನ್ನ ಅನುಮಾನ. ಹೂವಿನವಳು ಆ ಮುಖವನ್ನು ನೋಡಿಯೂ ಇರಲಿಲ್ಲ, ನೋಡಿದ್ದು ಬೆರಳುಗಳನ್ನು.

ಇನ್ನು, ಕಡಿಮೆ ಅಂಕದವನೇ ದೋಷಿ ಎನ್ನುವುದೇಕೆ? ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್, ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು 2012ರಲ್ಲೇ ವಾದಿಸಿದರು. ನಮ್ಮಲ್ಲಿ ಆಚೆ ಕಡೆಯವರನ್ನು ಅಳೆಯುವವರಿಲ್ಲ. ಕಳೆದ ತಿಂಗಳು ಒಂದು ಕಚೇರಿಯಲ್ಲಿ ಕಿವಿ ಮಂದವಾದ ಹಿರಿಯರೊಬ್ಬರಿಗೆ ಗಾಜಿನ ಹಿಂದಿನ ಯುವಕ ಒಂದೇ ವಾಕ್ಯವನ್ನು ಮೂರು ಸಲ ಹೇಳಿದ, ಸಲಕ್ಕೊಮ್ಮೆ ಸಿಟ್ಟು ಏರಿಸುತ್ತ. ಬಾಗಿಲ ಬಳಿ ‘ಸೇವೆ ಹೇಗಿತ್ತು?’ ಎಂದು ಕೇಳುವ ಯಂತ್ರವಿತ್ತು. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ನಗುಮುಖವನ್ನೇ ಒತ್ತಿದರು. ‘ಪಾಪ, ಹುಡುಗನ ಕೆಲಸಕ್ಕೆ ಕುತ್ತು ಬಂದೀತು’ ಎಂದರು. ಆ ಕಚೇರಿಯ ಪುಸ್ತಕದಲ್ಲಿ ಅಂದು ಎಲ್ಲವೂ ಸುಸೂತ್ರ.

ನಿಮ್ಮ ಮೇಲೂ ನನಗೆ ಸ್ವಲ್ಪ ಕೋಪವಿದೆ. ಊಟ, ಮಾತ್ರೆಯ ವಿಷಯವನ್ನು ನೀವು ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ಸಣ್ಣಕ್ಷರದಲ್ಲಿ ಬರೆದಿದ್ದಿರಿ. ನಿಮ್ಮನ್ನು ಕೇಳದೆ ಅದನ್ನು ಮೊದಲ ಸಾಲಾಗಿ ಅಚ್ಚು ಮಾಡಿಸಿದ್ದೇನೆ.