ವೇಗದ ಕಾರಿಗೆ ವಿದ್ಯುತ್ ಮೋಟಾರು ಏಕೆ?

ಪ್ರಶ್ನೆ: ಹೈಬ್ರಿಡ್ ಎಂದರೆ ಪೆಟ್ರೋಲ್ ಉಳಿಸುವ ಕಾರು ಎಂದು ತಿಳಿದಿದ್ದೆ. ಫೆರಾರಿಯಂಥ ಕಾರಿಗೂ ವಿದ್ಯುತ್ ಮೋಟಾರು ಅಳವಡಿಸುವುದೇಕೆ? ‘ಆಕ್ಸಿಯಲ್ ಫ್ಲಕ್ಸ್’ ಮೋಟಾರು ಎಂದರೇನು?
– ಓದುಗರೊಬ್ಬರು, ಹಾಸನ

ಉತ್ತರ: ಇಂಥ ಕಾರುಗಳಲ್ಲಿ ಮೋಟಾರು ಇರುವುದು ಉಳಿತಾಯಕ್ಕಿಂತ ಹೆಚ್ಚಾಗಿ ತಕ್ಷಣದ ಎಳೆತಕ್ಕಾಗಿ. ಟರ್ಬೊ ಎಂಜಿನ್ನು ಪೂರ್ಣ ಟಾರ್ಕ್ (ತಿರುಗಿಸುವ ಬಲ) ಕೊಡಬೇಕಾದರೆ ಹೊರಹೋಗುವ ಅನಿಲದ ರಭಸಕ್ಕೆ ಟರ್ಬೈನು ವೇಗ ಪಡೆಯುವವರೆಗೆ ಕ್ಷಣಕಾಲ ಕಾಯಬೇಕು. ವಿದ್ಯುತ್ ಮೋಟಾರಾದರೋ ನಿಂತಲ್ಲಿಂದಲೇ ಬಲ ಕೊಡುವುದರಿಂದ ಆ ಕೊರತೆಯನ್ನು ತುಂಬುತ್ತದೆ. 2019ರಲ್ಲಿ ಅನಾವರಣಗೊಂಡ ಫೆರಾರಿ ಎಸ್‌ಎಫ್90 ಸ್ಟ್ರಾಡಾಲೆಯಲ್ಲಿ 4 ಲೀಟರಿನ ವಿ8 ಎಂಜಿನ್ನು 780 ಅಶ್ವಶಕ್ತಿಯನ್ನೂ ಮೂರು ಮೋಟಾರುಗಳು ಸೇರಿ 220 ಅಶ್ವಶಕ್ತಿಯನ್ನೂ ನೀಡುತ್ತವೆ. ಮುಂದಿನ ಎರಡು ಮೋಟಾರುಗಳು ಎಡಬಲದ ಚಕ್ರಗಳನ್ನು ಬೇರೆಬೇರೆಯಾಗಿ ತಿರುಗಿಸಬಲ್ಲವಾದ್ದರಿಂದ ತಿರುವುಗಳಲ್ಲಿ ಕಾರಿನ ಹಿಡಿತ ಹೆಚ್ಚುತ್ತದೆ. (ಹಿಂದಕ್ಕೆ ಚಲಿಸುವ ಕೆಲಸವೂ ಇವುಗಳದೇ. ಇಷ್ಟು ದುಬಾರಿ ಕಾರಿನ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರೇ ಇಲ್ಲ!)

ಮೂರನೆಯ ಮೋಟಾರು ಎಂಜಿನ್ನು ಮತ್ತು ಗೇರ್‌ಬಾಕ್ಸುಗಳ ನಡುವಿನ ಇಕ್ಕಟ್ಟಿನಲ್ಲಿ ಕೂರುತ್ತದೆ. ನೀವು ಕೇಳಿದ ಆಕ್ಸಿಯಲ್ ಫ್ಲಕ್ಸ್ ಬಗೆಯದು ಇದೇ. ಸಾಮಾನ್ಯ ಮೋಟಾರಿನಲ್ಲಿ ತಿರುಗುವ ಭಾಗವಾದ ಉರುಳೆಯಾಕಾರದ ರೋಟರ್, ಸ್ಥಿರ ಭಾಗವಾದ ಸ್ಟೇಟರಿನ ಒಳಗೆ ತಿರುಗುತ್ತದೆ. ಇದರಲ್ಲಾದರೆ ತಟ್ಟೆಯಂಥ ರೋಟರ್‌ಗಳು ಸ್ಟೇಟರಿಗೆ ಮುಖಾಮುಖಿಯಾಗಿ ತಿರುಗುತ್ತವೆ, ಕಾಂತೀಯ ಪ್ರವಾಹವು ಅಚ್ಚಿಗೆ ಸಮಾನಾಂತರವಾಗಿ ಹಾಯುತ್ತದೆ. ಬಲವು ಅಚ್ಚಿನಿಂದ ಹೆಚ್ಚು ದೂರದಲ್ಲಿ ಪ್ರಯೋಗವಾಗುವ ಕಾರಣ, ತೆಳ್ಳಗಿನ ಹಗುರ ಮೋಟಾರೇ ದೊಡ್ಡ ಟಾರ್ಕ್ ಕೊಡಬಲ್ಲದು. ಬಾಗಿಲ ಹಿಡಿಯನ್ನು ಕೀಲಿನಿಂದ ದೂರದಲ್ಲಿಡುವುದರ ಹಿಂದಿರುವ ತತ್ತ್ವವೂ ಇದೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2009ರಲ್ಲಿ ರೂಪುಗೊಂಡ ಯಾಸಾ ಕಂಪನಿ ಈ ಬಗೆಯ ಮೋಟಾರುಗಳಿಗೆ ಹೆಸರಾಗಿದ್ದು, 2021ರಲ್ಲಿ ಮರ್ಸಿಡಿಸ್-ಬೆಂಜ್ ಅದನ್ನು ಕೊಂಡುಕೊಂಡಿತು.