ಹವಳ ಬಿದ್ದರೆ ಅಂಟನ್ನು ಬೈಯಬೇಡಿ

ಪ್ರಶ್ನೆ: ನಾನಿರುವುದು ಹಾಸನದಲ್ಲಿ. ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಒಂದು ವರ್ಷವಾಯಿತು. ಬೆಂಗಳೂರಿನಿಂದ ತಂದ ನಾಲ್ಕು ಹವಳದ ತುಂಡುಗಳನ್ನು, ಅಂದರೆ ಫ್ರ್ಯಾಗ್‌ಗಳನ್ನು ಸೂಪರ್ ಗ್ಲೂ ಹಾಕಿ ಬಂಡೆಗೆ ಕೂರಿಸಿದೆ. ರಾತ್ರಿ ಗಟ್ಟಿಯಾಗಿ ನಿಂತಿದ್ದವು. ಬೆಳಿಗ್ಗೆ ನೋಡಿದರೆ ಎರಡು ಮರಳಿನ ಮೇಲೆ ಮಲಗಿದ್ದವು. ಮೂರು ಬ್ರ್ಯಾಂಡ್ ಬದಲಿಸಿ ನೋಡಿದರೂ ಇದೇ ಕಥೆ. ಯಾವ ಅಂಟು ತರಲಿ?

ಉತ್ತರ: ನಾಲ್ಕನೆಯ ಬ್ರ್ಯಾಂಡ್ ಹುಡುಕಬೇಡಿ. ಬಿದ್ದ ಫ್ರ್ಯಾಗನ್ನು ಎತ್ತಿ ತಳ ನೋಡಿ. ಅಂಟಿನ ಬಿಲ್ಲೆ ಪ್ಲಗ್ಗಿಗೆ (ಹವಳದ ತುಂಡು ಕೂತಿರುವ ಪುಟ್ಟ ಪೀಠಕ್ಕೆ) ಹಾಗೆಯೇ ಕಚ್ಚಿಕೊಂಡಿದ್ದು, ಅದರ ಮೇಲೆ ಹಸಿರೋ ನೇರಳೆಯೋ ತೆಳುಪೊರೆ ಕಾಣುತ್ತದೆಯೇ? ಹಾಗಿದ್ದರೆ ಅಂಟು ತನ್ನ ಕೆಲಸ ಮಾಡಿದೆ. ಅದು ಹಿಡಿದದ್ದು ಬಂಡೆಯನ್ನಲ್ಲ, ಬಂಡೆಯ ಮೇಲಿದ್ದ ಪಾಚಿಯನ್ನು. ಪಾಚಿ ಕಿತ್ತು ಬಂದಿತು, ಹವಳವೂ ಜೊತೆಗೆ ಬಂದಿತು. ಒಂದು ವರ್ಷದ ಟ್ಯಾಂಕಿನಲ್ಲಿ ಬರಿಗಣ್ಣಿಗೆ ಸ್ವಚ್ಛವಾಗಿ ಕಾಣುವ ಬಂಡೆಯ ಮೇಲೂ ಲೋಳೆ ಇದ್ದೇ ಇರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಅದೂ ಸಾಲದಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಬಿಳಿ ಕಲ್ಲು ಕಾಣುವವರೆಗೆ ಕೆರೆಯಿರಿ. ಪ್ಲಗ್ಗಿನ ತಳವನ್ನೂ ಹಾಗೆಯೇ ಮಾಡಿ.

ಇನ್ನು ಅಂಟಿನ ಸ್ವಭಾವ. ಸೂಪರ್ ಗ್ಲೂ ಎಂದರೆ ಸಯನೋಅಕ್ರಿಲೇಟ್. ಇದು ಒಣಗಿ ಗಟ್ಟಿಯಾಗುವುದಲ್ಲ, ತೇವ ತಗುಲಿ ಗಟ್ಟಿಯಾಗುವುದು. ನೀರಿನೊಳಗೆ ಇದರಿಂದ ಕೆಲಸವಾಗುವುದು ಆ ಕಾರಣಕ್ಕೇ. ತೊಂದರೆ ಹುಟ್ಟುವುದೂ ಅಲ್ಲಿಯೇ. ನೀರಿಗೆ ಇಳಿಸಿದ ಕೂಡಲೇ ಅಂಟಿನ ಮೇಲೆ ಕಾಯಿಸಿದ ಹಾಲಿನ ಕೆನೆಯಂತೆ ಒಂದು ಪದರ ಕಟ್ಟುತ್ತದೆ. ಮೆಲ್ಲಗೆ ತಂದು ಬಂಡೆಯ ಮೇಲೆ ಇಟ್ಟರೆ ಕೆನೆ ಮಾತ್ರ ಬಂಡೆಗೆ ತಾಗುತ್ತದೆ, ಒಳಗಿನ ಹಸಿ ಅಂಟು ಕಲ್ಲನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಒತ್ತಿ ಹಿಡಿದು ಎಡಕ್ಕೆ, ಬಲಕ್ಕೆ ತಿರುವಿ ಆ ಪದರವನ್ನು ಒಡೆಯಬೇಕು. ಆಮೇಲೆ ಅರ್ಧ ನಿಮಿಷ ಕೈ ಅಲುಗಿಸದೆ ಹಿಡಿದುಕೊಳ್ಳಿ. ತೆಳು ದ್ರವದ ಅಂಟು ನೀರಿನಲ್ಲಿ ಬಿಳಿ ಎಳೆಯಾಗಿ ತೇಲಿಹೋಗುತ್ತದೆ, ಜೆಲ್ ರೂಪದ್ದೇ ಬೇಕು. ದೊಡ್ಡ ಬಾಟಲಿಗಿಂತ 3 ಗ್ರಾಂನ ಪುಟ್ಟ ಟ್ಯೂಬುಗಳು ಲೇಸು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ, ಒಮ್ಮೆ ತೆರೆದ ಟ್ಯೂಬು ಎರಡನೆಯ ಭಾನುವಾರಕ್ಕೆ ಕಲ್ಲಾಗಿರುತ್ತದೆ.

ಗಟ್ಟಿಯಾದ ಸಯನೋಅಕ್ರಿಲೇಟ್ ಗಾಜಿನಂತೆ ಬಿರುಸು. ಎಳೆದರೆ ತಡೆಯುತ್ತದೆ, ಪಕ್ಕದಿಂದ ಗುದ್ದಿದರೆ ಕಳಚುತ್ತದೆ. ರಾತ್ರಿ ನಿಮ್ಮ ಟ್ಯಾಂಕಿನಲ್ಲಿ ಗುದ್ದುವವರು ಯಾರು ಎಂದು ಒಮ್ಮೆ ಟಾರ್ಚ್ ಹಿಡಿದು ನೋಡಿ. ಟರ್ಬೋ ಬಸವನಹುಳುವಿಗೆ ದಾರಿಯಲ್ಲಿ ಹವಳವಿದೆ ಎಂಬ ಪರಿವೆಯೇ ಇರುವುದಿಲ್ಲ, ಬುಲ್ಡೋಜರ್ ಹೋದಂತೆ ಹೋಗುತ್ತದೆ. ಹಾಗಾಗಿ ಭಾರದ ತುಂಡುಗಳಿಗೆ, ಇಳಿಜಾರಿನಲ್ಲಿ ನಿಲ್ಲಬೇಕಾದವಕ್ಕೆ ಬರೀ ಅಂಟು ಸಾಲದು. ಎರಡು ಭಾಗದ ಎಪಾಕ್ಸಿ ಪುಟ್ಟಿಯನ್ನು ಅಕ್ಕಿರೊಟ್ಟಿಯ ಹಿಟ್ಟಿನಂತೆ ಚೆನ್ನಾಗಿ ನಾದಿ, ಅಡಿಕೆಯಷ್ಟು ಉಂಡೆ ಮಾಡಿ, ಅದರ ಮೇಲೊಂದು ಕೆಳಗೊಂದು ಜೆಲ್ ಹನಿ ಇಟ್ಟು ಬಂಡೆಯ ಸಂದಿಗೆ ಒತ್ತಿ. ಪುಟ್ಟಿ ತಾನಾಗಿ ಎಲ್ಲಿಗೂ ಅಂಟುವುದಿಲ್ಲ, ಆದರೆ ತಗ್ಗುಗಳಿಗೆ ತುಂಬಿಕೊಂಡು ಕಚ್ಚುತ್ತದೆ. ಅದು ಗಟ್ಟಿಯಾಗುವವರೆಗೆ ಮೊದಲ ಹಿಡಿತ ಕೊಡುವುದು ಜೆಲ್. ಅಲೆ ಎಬ್ಬಿಸುವ ಪಂಪನ್ನು ಈ ಕೆಲಸದ ಹೊತ್ತಿನಲ್ಲಿ ನಿಲ್ಲಿಸಿ, ಹದಿನೈದು ನಿಮಿಷ ಬಿಟ್ಟು ಚಾಲೂ ಮಾಡಿ. ಆ ದಿನ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ನೊರೆ ಉಕ್ಕಿಸಿದರೆ ಗಾಬರಿ ಬೇಡ, ಪುಟ್ಟಿಯ ಪರಿಣಾಮ.

ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಹತ್ತಿಯ ಗ್ಲೌಸ್ ಬೇಡವೇ ಬೇಡ: ಈ ಅಂಟು ಹತ್ತಿಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿ ಹುಟ್ಟುತ್ತದೆ. ಬರಿಗೈಯಲ್ಲಿ ಮಾಡಲು ಹೋಗಿ ಹೆಬ್ಬೆರಳು, ತೋರುಬೆರಳು ಕೂಡಿಕೊಂಡು, ಬಾಗಿಲು ತಟ್ಟಿದ ಅತಿಥಿಗೆ ಚಿಟಿಕೆ ಮುದ್ರೆಯಲ್ಲೇ ಸ್ವಾಗತ ಹೇಳಿದವನು ನಾನು. ಬಿಡಿಸಿದ್ದು ಬಿಸಿ ಸಾಬೂನುನೀರು.

ಅಂಟಿನಿಂದ ಹವಳ ಶಾಶ್ವತವಾಗಿ ನಿಲ್ಲಬೇಕಾಗಿಯೂ ಇಲ್ಲ. ಅಕ್ರೊಪೋರಾ, ಮೊಂಟಿಪೋರಾ ಜಾತಿಯವು ಆರೋಗ್ಯವಾಗಿದ್ದರೆ ಕೆಲವು ವಾರಗಳಲ್ಲಿ ತಮ್ಮದೇ ಸುಣ್ಣದ ಪಾದವನ್ನು ಬಂಡೆಯ ಮೇಲೆ ಹರಡಿಕೊಳ್ಳುತ್ತವೆ. ಅಂಟು ಬೇಕಾಗಿರುವುದು ಅಲ್ಲಿಯವರೆಗೆ. ಕ್ಷಾರತೆ 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ) ಸುತ್ತ, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಸುತ್ತ ಸ್ಥಿರವಾಗಿದ್ದರೆ ಈ ಪಾದ ಬೇಗ ಬೆಳೆಯುತ್ತದೆ.

ತಂದ ದಿನವೇ ಅಂಟಿಸುವ ಆತುರ ಮಾತ್ರ ಬೇಡ. ಕೆಲವು ದಿನ ಮರಳಿನ ಮೇಲೆ ಫ್ರ್ಯಾಗ್ ರ‍್ಯಾಕಿನಲ್ಲಿಟ್ಟು ಬೆಳಕಿಗೆ ಒಗ್ಗಿಸಿ, ಹವಳ ತಿನ್ನುವ ಹುಳುವಿನ ಮೊಟ್ಟೆಗಳಿವೆಯೇ ನೋಡಿ. ಡಿಪ್ ದ್ರಾವಣದಲ್ಲಿ ಅದ್ದಿದರೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ.

ಪ್ರಶ್ನೆ: ಮೂಡಿಗೆರೆ ಬಳಿ ಕಾಫಿ ತೋಟದಲ್ಲಿದ್ದೇವೆ. ಮಶ್ರೂಮ್ ಹವಳ ಎಷ್ಟು ಅಂಟು ಹಾಕಿದರೂ ಜಾರುತ್ತದೆ. ಅಲ್ಲದೆ, ಉಪ್ಪುನೀರು ಕಲಸಲು ತೋಟದ ಡ್ರಮ್ ಬಳಸಬಹುದೇ?

ಉತ್ತರ: ಮಶ್ರೂಮ್ ಹವಳಕ್ಕೆ ಎಲುಬಿಲ್ಲ, ಮೈ ತುಂಬ ಲೋಳೆ. ಅಂಟು ಹಿಡಿಯುವುದು ಲೋಳೆಯನ್ನು, ಹವಳ ಆ ಲೋಳೆ ಕಳಚಿ ನಡೆದುಬಿಡುತ್ತದೆ. ಪುಟ್ಟ ಡಬ್ಬಿಯಲ್ಲಿ ಕಲ್ಲುಚೂರು ಹರಡಿ, ಹವಳವನ್ನು ಅದರ ಮೇಲೆ ಬಿಟ್ಟು, ಸೊಳ್ಳೆಪರದೆಯ ತುಂಡು ಕಟ್ಟಿ, ನೀರಿನ ಸೆಳೆತ ಕಡಿಮೆಯಿರುವ ಮೂಲೆಯಲ್ಲಿಡಿ. ಒಂದೆರಡು ವಾರದಲ್ಲಿ ತಾನೇ ಒಂದು ಚೂರನ್ನು ಹಿಡಿದುಕೊಳ್ಳುತ್ತದೆ. ನೀವು ಅಂಟಿಸಬೇಕಾದದ್ದು ಆ ಚೂರನ್ನು. ಆ ಚೂರಿಗಾಗಿ ಕಡಲತೀರದಿಂದ ಸತ್ತ ಹವಳ ಹೆಕ್ಕಿ ತರಬೇಡಿ. ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಡ್ರಮ್ಮಿನ ವಿಷಯಕ್ಕೆ ಉತ್ತರ ಒಂದೇ ಮಾತಿನಲ್ಲಿ: ಬೇಡ. ಅದರಲ್ಲಿ ಒಮ್ಮೆಯಾದರೂ ಬೋರ್ಡೋ ದ್ರಾವಣ ಕಲಸಿರುತ್ತೀರಿ. ಅದಕ್ಕೆ ಹಾಕುವ ಮೈಲುತುತ್ತದಲ್ಲಿರುವುದು ತಾಮ್ರ. ಕಾಫಿಯ ಕೊಳೆರೋಗವನ್ನು ತಡೆಯುವ ಅದೇ ತಾಮ್ರ ಹವಳ, ಸೀಗಡಿ, ಬಸವನಹುಳುಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಹತ್ತು ಸಲ ತೊಳೆದೆವು ಎನ್ನುತ್ತೀರಿ, ಗೀರುಗಳಲ್ಲಿ ಅಡಗಿ ಕುಳಿತದ್ದು ಹೋಗಿರುವುದಿಲ್ಲ. ಹೊಸ ಡ್ರಮ್ ಕೊಂಡು, ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಸಿಂಪಡಣೆಗೆ ಬರುವವರ ಕೈಗೆ ಸಿಗದ ಜಾಗದಲ್ಲಿಡಿ.