ಹೋಳಿಗೆ ಆರುವವರೆಗೂ ಫೋಟೋ ತೆಗೆದೆ, ನಿಜವಾದ ನಾನು ಯಾರು?

ಪ್ರಶ್ನೆ: ನನಗೆ 26 ವರ್ಷ. ಊರು ದಾವಣಗೆರೆ, ಬೆಂಗಳೂರಲ್ಲಿ ಕೆಲಸ. ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ, ಅಡುಗೆ, ಹಬ್ಬದ ಫೋಟೋ ಹಾಕುತ್ತೇನೆ. 11 ಸಾವಿರ ಫಾಲೋವರ್ಸ್ ಇದ್ದಾರೆ. ಅಲ್ಲಿ ಸದಾ ನಗುವವಳು, ರೂಮಿಗೆ ಬಂದರೆ ಯಾರ ಜೊತೆಗೂ ಮಾತು ಬೇಡ. ಒಂದು ಗಂಟೆಯಲ್ಲಿ ಲೈಕ್ ಬರದಿದ್ದರೆ ಪೋಸ್ಟ್ ತೆಗೆದುಹಾಕುತ್ತೇನೆ. ಯುಗಾದಿಯ ದಿನ ಹೋಳಿಗೆ ಆರಿ ಅಂಚು ಬಿರುಸಾಗುವವರೆಗೂ ಫೋಟೋ ತೆಗೆಯುತ್ತಿದ್ದೆ. ಅಮ್ಮ ಏನೂ ಅನ್ನದೆ ಎದ್ದು ಹೋದರು. ಅಕೌಂಟ್ ಡಿಲೀಟ್ ಮಾಡಿದರೆ ನಿಜವಾದ ನಾನು ಸಿಗುತ್ತೇನಾ?

ಉತ್ತರ: ಈಗಲೇ ಡಿಲೀಟ್ ಮಾಡಬೇಡಿ. ಇನ್‌ಸ್ಟಾಗ್ರಾಮ್ 30 ದಿನ ಕಾಯುತ್ತದೆ, ಅಷ್ಟರೊಳಗೆ ಲಾಗಿನ್ ಆದರೆ ಖಾತೆ ಮರಳಿ ಬರುತ್ತದೆ. ಹತ್ತನೇ ದಿನಕ್ಕೆ ವಾಪಸ್ ಹೋದರೆ "ನನ್ನಿಂದ ಇಷ್ಟೂ ಆಗಲಿಲ್ಲ" ಎಂಬ ಬೇಸರವೂ ಜೊತೆಗೆ ಸೇರಿಕೊಳ್ಳುತ್ತದೆ.

ಅಲ್ಲಿ ನಗುವವಳು ಸುಳ್ಳು, ರೂಮಿನಲ್ಲಿರುವವಳು ನಿಜ ಅಂತಲೂ ಅಂದುಕೊಳ್ಳಬೇಡಿ. ಅಮ್ಮನ ಜೊತೆ ಒಂದು ಥರ, ಮ್ಯಾನೇಜರ್ ಜೊತೆ ಒಂದು ಥರ ಇರುವುದು ಮೋಸವಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಇದನ್ನು ರಂಗದ ಮುಂಭಾಗ, ಹಿಂಭಾಗ ಎಂದು ವಿವರಿಸಿದ್ದರು. ನಾಟಕ ಕಂಪನಿಗಳನ್ನು ಕಂಡ ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಬಣ್ಣ ಒರೆಸಿಕೊಂಡು ಚಹಾ ಕುಡಿಯಲು ಪರದೆಯ ಹಿಂದೆ ಒಂದು ಜಾಗ ಬೇಕೇ ಬೇಕು. ನಿಮ್ಮ ವಿಷಯದಲ್ಲಿ ಆಗಿರುವುದು ಇದೇ. ಮನೆಯ ಊಟದ ಎಲೆಯೂ ರಂಗವಾಗಿಬಿಟ್ಟಿದೆ, ಪರದೆಯ ಹಿಂದೆ ಜಾಗವೇ ಉಳಿದಿಲ್ಲ.

ಲೈಕ್ ಇಷ್ಟು ಕಾಡುವುದಕ್ಕೂ ಕಾರಣವಿದೆ. ಒಮ್ಮೆ 40 ಬರುತ್ತದೆ, ಒಮ್ಮೆ 900. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದ ಬಹುಮಾನಕ್ಕೆ ಮನಸ್ಸು ಮತ್ತೆ ಮತ್ತೆ ಕೈ ಚಾಚುತ್ತದೆ. ನಿಮ್ಮ ಮನಸ್ಸು ದುರ್ಬಲ ಎಂದಲ್ಲ, ಎಲ್ಲರ ಮನಸ್ಸೂ ಹೀಗೆಯೇ.

ಎರಡು ವಾರ ಇಷ್ಟು ಮಾಡಿ. ಮೊದಲು ಲೈಕ್, ಕಮೆಂಟ್‌ಗಳ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ಲೈಕ್ ಸಂಖ್ಯೆ ಮರೆಮಾಡುವ ಆಯ್ಕೆ 2021ರಿಂದ ಇದೆ, ಆದರೆ ಅದೊಂದನ್ನೇ ನಂಬಬೇಡಿ: ನಿಮ್ಮ ಪೋಸ್ಟಿನ ಲೆಕ್ಕ ನೀವು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಪೋಸ್ಟ್ ತೆಗೆಯಬೇಕು ಅನ್ನಿಸಿದರೆ ಅಳಿಸುವ ಬದಲು ಆರ್ಕೈವ್ ಮಾಡಿ. ಬೇಕೆಂದಾಗ ಲೈಕ್, ಕಮೆಂಟ್ ಸಮೇತ ವಾಪಸ್ ಇಡಬಹುದು. ಫೋಟೋ ತೆಗೆಯಿರಿ, ಆದರೆ 24 ಗಂಟೆ ಹಾಕಬೇಡಿ. ಮರುದಿನ ನೋಡಿದಾಗಲೂ ಹಾಕಬೇಕು ಅನ್ನಿಸಿದ್ದನ್ನು ಮಾತ್ರ ಹಾಕಿ. ಎಷ್ಟೋ ಫೋಟೋಗಳು ಗ್ಯಾಲರಿಯಲ್ಲೇ ಉಳಿಯುತ್ತವೆ.

ಜೊತೆಗೆ ದಿನಕ್ಕೆ ಅರ್ಧ ಗಂಟೆ ಯಾರಿಗೂ ತೋರಿಸದ ಕೆಲಸ ಒಂದಿರಲಿ. ಸೀರೆಗೆ ಫಾಲ್ ಹೊಲಿಯುವುದೋ, ಒಬ್ಬರೇ ನಡೆಯುವುದೋ, ಏನಾದರೂ ಆಗಬಹುದು. ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಏನು ಮಾಡಿದೆ, ಮಾಡುವಾಗ ಹೊತ್ತು ಹೋದದ್ದು ಗೊತ್ತಾಯಿತೇ. ಹೊತ್ತು ಹೋದದ್ದೇ ತಿಳಿಯದ ಕೆಲಸಗಳ ಪಕ್ಕ ಗುರುತು ಹಾಕಿ. ನೀವು ಹುಡುಕುತ್ತಿರುವವಳ ಸುಳಿವು ಆ ಗುರುತುಗಳಲ್ಲಿದೆ. ಸೀರೆಯೇ ಅಲ್ಲೂ ಬಂದರೆ ಸಂತೋಷ, ಆ ಆಸೆ ನಿಮ್ಮದೇ.

ಎಡವುವುದು ಎಲ್ಲಿ? ಮೊದಲ ಮೂರ್ನಾಲ್ಕು ದಿನ ಕೈ ಚಡಪಡಿಸುತ್ತದೆ, ಸುಮ್ಮನೆ ಫೋನ್ ತೆಗೆದು ನೋಡುತ್ತೀರಿ. ಅದು ತಣ್ಣಗಾಗುತ್ತದೆ. "ಬ್ರೇಕ್ ತಗೊಳ್ತಿದ್ದೀನಿ" ಎಂದು ಸ್ಟೋರಿ ಹಾಕಬೇಡಿ, ಅದಕ್ಕೆಷ್ಟು ಪ್ರತಿಕ್ರಿಯೆ ಬಂತೆಂದು ಎಣಿಸುತ್ತ ಕೂರುತ್ತೀರಿ. ಇಲ್ಲಿ ಬಿಟ್ಟಿದ್ದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಶುರು ಮಾಡಿದರೂ ಅದೇ ಕತೆ.

ರೂಮಿನ ಮೌನ ಮಾತ್ರ ಹಗುರವಾಗಿ ನೋಡುವಂಥದ್ದಲ್ಲ. ನಿದ್ದೆ, ಹಸಿವು ಕೆಟ್ಟು ಎರಡು ವಾರ ದಾಟಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ಕ್ಷಣವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಗೀಳಿಗೆಂದೇ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ನೀವಿರುವ ಊರಿನಲ್ಲೇ.

ಇವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ. "ಅವತ್ತು ಹೋಳಿಗೆ ಆರಿಸಿಬಿಟ್ಟೆ, ಬೇಜಾರಾಯ್ತಾ?" ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.